ನೆಲಮಾಳಿಗೆಯನ್ನೂ ಒಮ್ಮೆ ನೋಡಿ ಬನ್ನಿ



ಫ್ಲ್ಯಾಟ್ ಕೊಳ್ಳಲು ಅಥವಾ ಬಾಡಿಗೆಗೆ ಹಿಡಿಯಲು ಹೋದಾಗ ನೀವು ಮೊದಲು ಏನನ್ನು ನೋಡುತ್ತೀರಿ? ಅಡುಗೆಮನೆ ಅಗಲವಾಗಿದೆಯೇ, ನೀರು ಸರಿಯಾಗಿ ಬರುತ್ತದೆಯೇ, ಬಟ್ಟೆ ಒಣಹಾಕುವಲ್ಲಿ ಬಿಸಿಲು ಬೀಳುತ್ತದೆಯೇ, ನಮಾಝ್‌ಗೆ ಸದ್ದಿಲ್ಲದ ಒಂದು ಮೂಲೆ ಸಿಗುತ್ತದೆಯೇ ಎಂದೆಲ್ಲ ವಿಚಾರಿಸುತ್ತೀರಿ. ಆದರೆ ವಾಹನ ನಿಲ್ಲಿಸುವ ಜಾಗದ ಮಾತು ಬಂದಾಗ, "ಅದನ್ನು ಗಂಡಸರು ನೋಡಿಕೊಳ್ಳಲಿ" ಎಂದು ಸುಮ್ಮನಾಗುವವರೇ ಹೆಚ್ಚು.

ಸ್ವಲ್ಪ ಯೋಚಿಸಿ ನೋಡಿ. ಬೆಳಿಗ್ಗೆ ಶಾಲಾ ವ್ಯಾನಿಗಾಗಿ ಮಕ್ಕಳನ್ನು ಹಿಡಿದುಕೊಂಡು ನಿಲ್ಲುವವರು ಯಾರು? ತರಕಾರಿ ಚೀಲ ಹೊತ್ತು ಆ ದಾರಿಯಲ್ಲಿ ಬರುವವರು ಯಾರು? ಮೊಣಕಾಲು ನೋವಿನ ಅತ್ತೆಯ ಕೈಹಿಡಿದು ಆಸ್ಪತ್ರೆಗೆ ಹೊರಡುವವರು ಯಾರು? ಸಂಜೆ ಮಕ್ಕಳು ಸೈಕಲ್ ಓಡಿಸುವುದೂ ಅಲ್ಲೇ. ಕಾರು ಬೆಳಿಗ್ಗೆ ಹೋಗಿ ರಾತ್ರಿ ಬರುತ್ತದೆ. ನೀವು ಮತ್ತು ನಿಮ್ಮ ಮಕ್ಕಳು ಆ ಜಾಗವನ್ನು ದಿನವಿಡೀ ತುಳಿಯುತ್ತೀರಿ. ಆದುದರಿಂದ ಇದು ನಿಮ್ಮ ವಿಷಯವೇ ಹೌದು.

ಕಾನೂನು ಏನು ಹೇಳುತ್ತದೆ?

ಮನೆ, ಅಂಗಡಿ, ಆಸ್ಪತ್ರೆ, ಸಭಾಂಗಣ ಯಾವುದೇ ಇರಲಿ, ಅಲ್ಲಿಗೆ ಬರುವ ವಾಹನಗಳು ಅದರ ನಿವೇಶನದ ಒಳಗೇ ನಿಲ್ಲಬೇಕು, ಸಾರ್ವಜನಿಕ ರಸ್ತೆಯಲ್ಲಲ್ಲ. ಪಾರ್ಕಿಂಗ್ ನಿಯಮಗಳ ತಿರುಳು ಇಷ್ಟೇ. ನಮ್ಮ ರಾಜ್ಯದಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಆಯಾ ಊರಿನ ಯೋಜನಾ ಪ್ರಾಧಿಕಾರವು ಮಹಾಯೋಜನೆ ತಯಾರಿಸುತ್ತದೆ. ವಾಸಕ್ಕೆ ಯಾವ ಭಾಗ, ವ್ಯಾಪಾರಕ್ಕೆ ಯಾವ ಭಾಗ ಎಂದು ಊರನ್ನು ವಲಯಗಳಾಗಿ ವಿಂಗಡಿಸುತ್ತದೆ. ಎಷ್ಟು ಮಹಡಿ ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ವಾಹನಗಳಿಗೆ ಸ್ಥಳ ಕೊಡಬೇಕು ಎಂಬ ವಲಯ ನಿಯಮಾವಳಿಯೂ ಅದರ ಜೊತೆಗಿರುತ್ತದೆ. ಇದಕ್ಕೆ ಹೊಂದುವ ನಕ್ಷೆಗೆ ಮಾತ್ರ ನಗರಪಾಲಿಕೆ ಅಥವಾ ಪುರಸಭೆ ಕಟ್ಟಡದ ಪರವಾನಿಗೆ ಕೊಡಬೇಕು.

ಊರಿಂದೂರಿಗೆ ಲೆಕ್ಕ ಬೇರೆ ಬೇರೆ. ಬೆಂಗಳೂರಿನಲ್ಲಿ 2007ರಲ್ಲಿ ಬಂದ ಮಹಾಯೋಜನೆಯ ನಿಯಮಗಳು, 50 ಚದರ ಮೀಟರ್ ಮೀರಿದ, 150 ಚದರ ಮೀಟರ್‌ವರೆಗಿನ ಪ್ರತಿ ಫ್ಲ್ಯಾಟಿಗೂ ಒಂದು ಕಾರಿನ ಜಾಗ ಕೇಳಿದವು. ಅಂಗಡಿ, ಆಸ್ಪತ್ರೆ, ಹೋಟೆಲುಗಳಿಗೆ ಬೇರೆ ಬೇರೆ ಪ್ರಮಾಣ. ಜಾಗದ ಅಳತೆಗೆ ದೇಶಕ್ಕೆಲ್ಲ ಮಾದರಿಯಾಗಿರುವುದು ರಾಷ್ಟ್ರೀಯ ಕಟ್ಟಡ ಸಂಹಿತೆ. 2005ರ ಅದರ ಆವೃತ್ತಿಯ ಪ್ರಕಾರ ಒಂದು ಕಾರಿಗೆ 13.75 ಚದರ ಮೀಟರ್, ಅಂದರೆ ಸುಮಾರು 148 ಚದರ ಅಡಿ ಬೇಕು. ಹತ್ತಡಿಗೆ ಹದಿನೈದಡಿಯ ಒಂದು ಕೋಣೆ ಎಂದುಕೊಳ್ಳಿ. ಸ್ಕೂಟರಿಗೆ ಒಂದೂಕಾಲು ಚದರ ಮೀಟರ್ ಸಾಕು, ಸೈಕಲ್ಲಿಗೆ ಒಂದು. ಒಂದು ಕಾರು ನಿಲ್ಲುವಷ್ಟು ಜಾಗದಲ್ಲಿ ಹನ್ನೊಂದು ಸ್ಕೂಟರ್ ನಿಲ್ಲುತ್ತವೆ!

ಇಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ವಾಹನ ಒಳಬರುವ ದಾರಿ ಮತ್ತು ಹಿಂದೆ ಮುಂದೆ ತಿರುಗಿಸುವ ಓಣಿ ಈ ಅಳತೆಯಲ್ಲಿ ಸೇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬಿಡಬೇಕು. ನಕ್ಷೆಯಲ್ಲಿ ಇಪ್ಪತ್ತು ಚೌಕ ಗೀಚಿ, ಹೊರಬರಲು ದಾರಿಯೇ ಇಲ್ಲದಂತೆ ಮಾಡಿದರೆ ಅದು ಪಾರ್ಕಿಂಗ್ ಎನಿಸುವುದಿಲ್ಲ. ನೆಲಮಹಡಿಯಲ್ಲಿ ಕಂಬಗಳ ನಡುವೆ ಕಾರು ಸಿಕ್ಕಿಕೊಂಡು, ಮೇಲಿನ ಮನೆಯವರನ್ನು ಫೋನ್ ಮಾಡಿ ಕರೆಯಬೇಕಾದ ಗೋಳು ನಿಮ್ಮಲ್ಲಿ ಅನೇಕರಿಗೆ ಗೊತ್ತೇ ಇದೆ.

ಸೆಲ್ಲಾರ್ ಅಂಗಡಿಯಾದಾಗ

ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲಮಾಳಿಗೆ ವರ್ಷ ಕಳೆಯುವುದರೊಳಗೆ ಬೇರೆಯದೇ ಆಗಿರುತ್ತದೆ. ಕೆಲವೆಡೆ ಬಟ್ಟೆ ಅಂಗಡಿ, ಕೆಲವೆಡೆ ಗೋದಾಮು, ಕೆಲವೆಡೆ ಟ್ಯೂಷನ್ ಕ್ಲಾಸು. ಮಾಲಕರಿಗೆ ಬಾಡಿಗೆ ಬರುತ್ತದೆ. ಅಲ್ಲಿ ನಿಲ್ಲಬೇಕಾಗಿದ್ದ ವಾಹನಗಳು ರಸ್ತೆಗೆ ಬರುತ್ತವೆ, ಅಲ್ಲಿಂದ ಫುಟ್‌ಪಾತ್ ಏರುತ್ತವೆ. ಕೊನೆಗೆ ಫುಟ್‌ಪಾತಿನಿಂದ ರಸ್ತೆಗೆ ಇಳಿಯಬೇಕಾದವರು ಯಾರು? ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು, ಬಸ್ಸಿಗೂ ನಿಂತ ಕಾರಿಗೂ ನಡುವೆ ನುಸುಳಿ ಹೋಗುವ ನೀವೇ. ಆ ಬಾಡಿಗೆ ಹಣ ಅವರ ಕಿಸೆಗೆ, ಅಪಾಯ ನಿಮ್ಮ ಪಾಲಿಗೆ!

ಇದು ಬರೀ ತೊಂದರೆಯ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇದರಲ್ಲಿ ಜೀವದ ಪ್ರಶ್ನೆಯೂ ಇದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಸಿನೆಮಾ ಮಂದಿರದಲ್ಲಿ 59 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಹುಟ್ಟಿದ್ದು ನೆಲ ಅಂತಸ್ತಿನ ಪಾರ್ಕಿಂಗ್ ಬದಿಯ ಟ್ರಾನ್ಸ್‌ಫಾರ್ಮರಿನಲ್ಲಿ. ಹತ್ತಿರದಲ್ಲೇ ನಿಂತಿದ್ದ ಕಾರುಗಳಿಗೆ ಅದು ಹಬ್ಬಿತು, ಹೊಗೆ ಮೇಲಿನ ಬಾಲ್ಕನಿಯನ್ನು ತುಂಬಿತು. ವಾಹನ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬ ನಿಯಮ ಏಕಿದೆ ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

2024ರ ಜುಲೈ 27ರಂದು ಅದೇ ದೆಹಲಿಯ ಹಳೆ ರಾಜಿಂದರ್ ನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿತು. ಅಲ್ಲಿ ಓದುತ್ತಿದ್ದ ಮೂವರು ಮುಳುಗಿ ಸತ್ತರು. ಅವರಲ್ಲಿ ಇಬ್ಬರು ಯುವತಿಯರು. ಆ ನೆಲಮಾಳಿಗೆಗೆ ಅನುಮತಿ ಇದ್ದುದು ವಾಹನ ನಿಲುಗಡೆಗೆ ಮತ್ತು ಸಾಮಾನು ಇಡುವುದಕ್ಕೆ ಮಾತ್ರ. ಅಲ್ಲಿ ನಡೆಯುತ್ತಿದ್ದುದು ಗ್ರಂಥಾಲಯ! ಕನಸು ಹೊತ್ತು ಬಂದ ಮಕ್ಕಳಿಗೆ ತಾವು ಕುಳಿತ ಕೋಣೆ ನಕ್ಷೆಯಲ್ಲಿ ಏನಾಗಿತ್ತು ಎಂಬುದು ಹೇಗೆ ಗೊತ್ತಾಗಬೇಕು?

ಪಾರ್ಕಿಂಗ್ ಆಗಿಯೇ ಉಳಿದ ನೆಲಮಾಳಿಗೆಯಲ್ಲೂ ಎಚ್ಚರ ಬೇಕು. ಕಟ್ಟಡದ ಅತಿ ತಗ್ಗಿನ ಜಾಗ ಅದು. ನೀರು ಮೊದಲು ಬರುವುದೂ ಅಲ್ಲಿಗೆ, ಕೊನೆಗೆ ಹೋಗುವುದೂ ಅಲ್ಲಿಂದ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆ ಪ್ರದೇಶದ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಲ್ಲಿ ನಿಂತ ಮಳೆನೀರನ್ನು ಪಂಪಿನಿಂದ ಹೊರಹಾಕುವ ವೇಳೆ ವಿದ್ಯುತ್ ತಗುಲಿ ಹಿರಿಯರೊಬ್ಬರೂ ಒಬ್ಬ ಬಾಲಕನೂ ತೀರಿಕೊಂಡರು. ಹಾಗಾಗಿ ಇಳಿಜಾರಿನ ಬಾಯಿಯಲ್ಲಿ ನೀರು ತಡೆಯುವ ಏರು ಮತ್ತು ಚರಂಡಿ, ಎತ್ತರದಲ್ಲಿ ಕೂರಿಸಿದ ವಿದ್ಯುತ್ ಪೆಟ್ಟಿಗೆ, ಗಾಳಿಯಾಡುವ ಕಿಂಡಿ ಇವೆಲ್ಲ ಇರಲೇಬೇಕಾದ ಸಂಗತಿಗಳು.

ಪಾರ್ಕಿಂಗ್ ಮಾರಾಟಕ್ಕಿದೆಯೇ?

"ಫ್ಲ್ಯಾಟಿಗೆ ಇಷ್ಟು, ಪಾರ್ಕಿಂಗಿಗೆ ಬೇರೆ ಇಷ್ಟು ಲಕ್ಷ" ಎಂದು ಬಿಲ್ಡರ್ ಹೇಳಿದಾಗ ನಾವು ತಲೆಯಾಡಿಸಿಬಿಡುತ್ತೇವೆ. ಮುಂಬೈಯ ಒಂದು ವಸತಿ ಸಂಘ ಹಾಗೆ ತಲೆಯಾಡಿಸಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ತೆರೆದ ಜಾಗವನ್ನಾಗಲಿ, ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗನ್ನಾಗಲಿ ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ, ಅದು ಎಲ್ಲ ನಿವಾಸಿಗಳ ಸಾಮಾನ್ಯ ಜಾಗ ಎಂದು ಕೋರ್ಟ್ 2010ರ ಆಗಸ್ಟ್ 31ರಂದು ತೀರ್ಪು ನೀಡಿತು. ಅದು ಮಹಾರಾಷ್ಟ್ರದ ಕಾನೂನಿನಡಿ ಬಂದ ತೀರ್ಪು. ನಂತರ ದೇಶಕ್ಕೆಲ್ಲ ಅನ್ವಯಿಸುವ 2016ರ ರೇರಾ ಕಾಯ್ದೆ ತೆರೆದ ಪಾರ್ಕಿಂಗ್ ಜಾಗವನ್ನು ಸಾಮಾನ್ಯ ಪ್ರದೇಶಗಳ ಪಟ್ಟಿಗೇ ಸೇರಿಸಿತು. ಮಾಡು ಮತ್ತು ಮೂರು ಕಡೆ ಗೋಡೆ ಇರುವ ಗ್ಯಾರೇಜ್ ಮಾತ್ರ ಬೇರೆ ಮಾತು. ಆದ್ದರಿಂದ ಹಣ ಕೇಳಿದಾಗ "ಇದು ಯಾವ ಬಗೆಯ ಪಾರ್ಕಿಂಗ್? ಕರಾರಿನಲ್ಲಿ ಏನೆಂದು ಬರೆಯುತ್ತೀರಿ?" ಎಂದು ಕೇಳಿರಿ. ಬಾಯಿಮಾತಿಗೆ ಕೊಟ್ಟ ಲಕ್ಷಕ್ಕೆ ರಶೀದಿಯೂ ಇಲ್ಲ, ರಕ್ಷಣೆಯೂ ಇಲ್ಲ.

ನಡೆಯಲಾರದವರಿಗೆ ಹತ್ತಿರದ ಜಾಗ

ನಿಯಮಗಳಲ್ಲಿ ಒಂದು ಕರುಣೆಯ ಭಾಗವೂ ಇದೆ. ಅಂಗವಿಕಲರಿಗಾಗಿ ಪ್ರವೇಶದ್ವಾರದಿಂದ 30 ಮೀಟರ್ ಒಳಗೆ ಎರಡು ಕಾರುಗಳ ಜಾಗ ಮೀಸಲಿಡಬೇಕು, ಅದರ ಅಗಲ 3.6 ಮೀಟರ್‌ಗೆ ಕಡಿಮೆ ಇರಬಾರದು ಎಂದು 2005ರ ಕಟ್ಟಡ ಸಂಹಿತೆಯೇ ಹೇಳಿತ್ತು. ಅಗಲ ಏಕೆ? ಗಾಲಿಕುರ್ಚಿಯನ್ನು ಕಾರಿನ ಪಕ್ಕ ಬಿಚ್ಚಿಡಬೇಕಲ್ಲ! ಆದರೆ ಹೆಚ್ಚಿನ ಕಡೆ ಆ ಜಾಗದಲ್ಲಿ ಹೂಕುಂಡವೋ ಸೆಕ್ಯುರಿಟಿಯವರ ಮೇಜೋ ಇರುತ್ತದೆ.

ದಕ್ಷಿಣ ಕೊರಿಯದ ಸೋಲ್ ನಗರ 2009ರಲ್ಲಿ ಮಹಿಳೆಯರಿಗೆ ಆದ್ಯತೆಯ ಪಾರ್ಕಿಂಗ್ ಜಾಗಗಳನ್ನು ಆರಂಭಿಸಿತು. ಗುಲಾಬಿ ಗೆರೆ ಎಳೆದು, ಬಾಗಿಲಿಗೆ ಹತ್ತಿರ, ಬೆಳಕಿರುವಲ್ಲಿ ಅವನ್ನು ಇಟ್ಟರು. 2023ರಲ್ಲಿ ಅದೇ ನಗರ ಅವುಗಳನ್ನು 'ಕುಟುಂಬ'ದ ಜಾಗಗಳಾಗಿ ಬದಲಿಸತೊಡಗಿತು. ಗರ್ಭಿಣಿಯರು, ಎಳೆಮಕ್ಕಳನ್ನು ಕರೆತರುವವರು, ವೃದ್ಧರು ಅವನ್ನು ಬಳಸಬಹುದು. ಮಗುವನ್ನು ಎತ್ತಿಕೊಂಡ ತಂದೆಗೂ ಆ ಹತ್ತಿರದ ಜಾಗ ಬೇಕು ತಾನೇ? ನಮ್ಮ ಆಸ್ಪತ್ರೆ, ಮಾಲ್‌ಗಳಲ್ಲೂ ಇಂತಹ ಎರಡು ಜಾಗ ಬಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮೂಲೆ ಮೂಲೆಗೂ ದೀಪ ಹಾಕಿದರೆ ರಾತ್ರಿ ಡ್ಯೂಟಿ ಮುಗಿಸಿ ಬರುವ ನರ್ಸ್‌ಗಳಿಗೂ ಧೈರ್ಯ.

ಹೆಚ್ಚಾದಷ್ಟೂ ಒಳ್ಳೆಯದೇ?

ಹಾಗಾದರೆ ಎಲ್ಲೆಡೆ ಇನ್ನಷ್ಟು ಪಾರ್ಕಿಂಗ್ ಬೇಕು ಎನ್ನೋಣವೇ? ಅಲ್ಲೂ ಒಂದು ಲೆಕ್ಕವಿದೆ. ದೆಹಲಿಯ 2021ರ ಮಹಾಯೋಜನೆಯಲ್ಲಿ ಓಣಿ, ಇಳಿಜಾರು ಎಲ್ಲ ಸೇರಿಸಿ ತೆರೆದ ಜಾಗದಲ್ಲಿ ಒಂದು ಕಾರಿಗೆ 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಹಿಡಿದಿದ್ದಾರೆ. 32 ಚದರ ಮೀಟರ್ ಅಂದರೆ ಸುಮಾರು 344 ಚದರ ಅಡಿ. ಎಷ್ಟೋ ಸಂಸಾರಗಳು ಅಷ್ಟೇ ಜಾಗದಲ್ಲಿ ಬಾಳುತ್ತಿವೆ! ಅದನ್ನು ಅಗೆದು ಕಟ್ಟುವ ಖರ್ಚು ಫ್ಲ್ಯಾಟಿನ ಬೆಲೆಯಲ್ಲೇ ಸೇರುತ್ತದೆ. ಕಾರೇ ಇಲ್ಲದ ಮನೆಯವರೂ ಅದನ್ನು ತೆರಬೇಕು.

ಅಮೆರಿಕದ ಕೊಲಂಬಸ್ ನಗರ 1923ರಷ್ಟು ಹಿಂದೆಯೇ ವಸತಿ ಕಟ್ಟಡಗಳಿಗೆ ಇಂತಹ ನಿಯಮ ಮಾಡಿತ್ತು. ಅದು ದೇಶವಿಡೀ ಹಬ್ಬಿ ಎಲ್ಲಿ ನೋಡಿದರೂ ಪಾರ್ಕಿಂಗ್ ಮೈದಾನ ಎಂಬಂತಾದಾಗ, ಪ್ರೊಫೆಸರ್ ಡೊನಾಲ್ಡ್ ಶೂಪ್ 2005ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು, ಉಚಿತ ಪಾರ್ಕಿಂಗ್ ನಿಜಕ್ಕೂ ಉಚಿತವಲ್ಲ, ಅದರ ಬೆಲೆಯನ್ನು ಎಲ್ಲರೂ ತೆರುತ್ತಿದ್ದಾರೆ ಎಂದು ತೋರಿಸಿದರು. ಬಫಲೋ ನಗರ 2017ರಲ್ಲಿ 'ಕನಿಷ್ಠ ಇಷ್ಟು ಕಾರಿಗೆ ಜಾಗ ಬಿಡಲೇಬೇಕು' ಎಂಬ ಕಡ್ಡಾಯವನ್ನು ಕೈಬಿಟ್ಟಿತು. ನಾವು ಕಲಿಯಬೇಕಾದ ಪಾಠ ಇಷ್ಟು: ಜಾಗ ಹಿತಮಿತವಾಗಿರಲಿ, ಸ್ಕೂಟರಿಗೂ ಸೈಕಲ್ಲಿಗೂ ಪಾಲಿರಲಿ, ನಡೆಯುವವರಿಗೆ ದಾರಿ ಇರಲಿ. ಆದರೆ ಕೊಟ್ಟ ಜಾಗ ಕೊಟ್ಟ ಉದ್ದೇಶಕ್ಕೇ ಬಳಕೆಯಾಗಲಿ.

ನೀವು ಮಾಡಬಹುದಾದುದು

1. ಮನೆ ನೋಡಲು ಹೋದಾಗ ನೆಲಮಾಳಿಗೆಗೂ ಇಳಿಯಿರಿ. ಮಳೆಗಾಲವಾದರೆ ಇನ್ನೂ ಒಳ್ಳೆಯದು. ಗೋಡೆಯಲ್ಲಿ ನೀರಿನ ಗುರುತು ಎಷ್ಟು ಎತ್ತರದವರೆಗಿದೆ ಎಂದು ನೋಡಿರಿ.

2. ಮಂಜೂರಾದ ನಕ್ಷೆಯ ಪ್ರತಿ ಕೇಳಿರಿ. ಅದರಲ್ಲಿ ಪಾರ್ಕಿಂಗ್ ಎಂದು ಬರೆದ ಕಡೆ ಈಗ ಏನಿದೆ ಎಂದು ಹೋಲಿಸಿರಿ. ಜನ ಒ.ಸಿ. ಎನ್ನುವ ಸ್ವಾಧೀನಾನುಭವ ಪತ್ರ ಸಿಕ್ಕಿದೆಯೇ ಎಂದೂ ಕೇಳಿರಿ.

3. ಬಿಲ್ಡರ್ ನಕ್ಷೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕದೊಂದಿಗೆ ನಗರಪಾಲಿಕೆಗೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಅರ್ಜಿ ಬರೆಯಲು ವಕೀಲರೇ ಬೇಕೆಂದಿಲ್ಲ, ನೀವೇ ಕನ್ನಡದಲ್ಲಿ ಬರೆಯಬಹುದು.

4. ಮಕ್ಕಳು ಆಡುವ ಹೊತ್ತಿಗೆ ಪಾರ್ಕಿಂಗಿನಲ್ಲಿ ಹಿರಿಯರೊಬ್ಬರು ಇರಲಿ. ಹಿಂದಕ್ಕೆ ಬರುವ ಕಾರಿನ ಚಾಲಕನಿಗೆ ಪುಟ್ಟ ಮಗು ಕಾಣುವುದಿಲ್ಲ. ನಿವಾಸಿಗಳ ಸಭೆಗೆ ಗಂಡಸರನ್ನಷ್ಟೇ ಕಳಿಸದೆ ನೀವೂ ಹೋಗಿ ಇದನ್ನು ಹೇಳಿರಿ.

5. ಮದುವೆ ಹಾಲ್ ಗೊತ್ತುಮಾಡುವಾಗ ಊಟದ ಹಾಲ್‌ನಲ್ಲಿ ಎಷ್ಟು ಮಂದಿ ಕೂರಬಹುದು ಎಂದು ಕೇಳುವಂತೆ, ಅಂಗಳದಲ್ಲಿ ಎಷ್ಟು ವಾಹನ ನಿಲ್ಲಬಹುದು ಎಂದೂ ಕೇಳಿರಿ. ಸಾವಿರ ಮಂದಿಯನ್ನು ಕರೆದು ಇಪ್ಪತ್ತು ಕಾರಿನ ಜಾಗ ಹಿಡಿದರೆ ಉಳಿದವು ರಸ್ತೆಯಲ್ಲೇ ನಿಲ್ಲುತ್ತವೆ.

ಕೊನೆಯದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಮ್ಮ ನಿಖಾಹ್ ದಿನಗಳಲ್ಲಿ, ಜುಮಾ ದಿನದ ಆ ಅರ್ಧ ಗಂಟೆಯಲ್ಲಿ, ರಸ್ತೆಯ ಎರಡೂ ಬದಿ ವಾಹನ ನಿಲ್ಲಿಸಿ ಹೋಗುವವರು ನಮ್ಮ ಮನೆಯವರೇ. ನಕ್ಷೆ ಮೀರಿ ಸೆಲ್ಲಾರನ್ನು ಅಂಗಡಿ ಮಾಡಿದವನಿಗೂ ಇವರಿಗೂ ಏನು ವ್ಯತ್ಯಾಸ? ದಾರಿಹೋಕರ ಹಕ್ಕನ್ನು ಇಬ್ಬರೂ ಕಸಿಯುತ್ತಾರೆ. ಆ ಸಾಲಿನ ಹಿಂದೆ ಹೆರಿಗೆ ನೋವಿನ ಹೆಣ್ಣುಮಗಳನ್ನು ಹೊತ್ತ ಆಂಬುಲೆನ್ಸ್ ಕಾಯುತ್ತಿರಬಹುದು. ಮನೆಯಿಂದ ಹೊರಡುವ ಗಂಡನಿಗೆ, ಮಗನಿಗೆ, ತಮ್ಮನಿಗೆ "ಗಾಡಿ ಸ್ವಲ್ಪ ದೂರ ಆದರೂ ಸರಿಯಾದ ಜಾಗದಲ್ಲಿ ನಿಲ್ಲಿಸಿ, ಎರಡು ಹೆಜ್ಜೆ ನಡೆದು ಹೋಗಿ" ಎಂದು ಹೇಳುವ ಮಾತು ನಿಮ್ಮದಾಗಲಿ. ಈ ವಾರದಿಂದಲೇ ಹೇಳಲು ಆರಂಭಿಸಿರಿ.