ಬರೀ ಬೇಜಾರಲ್ಲ ಸ್ವಾಮಿ, ಇದು ಕಾಯಿಲೆ

ಮಂಡಿಪೇಟೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಶಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚುತ್ತಿದ್ದ ಕಿರಾಣಿ ಅಂಗಡಿಯವರೊಬ್ಬರು ಕಳೆದ ವರ್ಷ ಇದ್ದಕ್ಕಿದ್ದಂತೆ ಹನ್ನೊಂದಕ್ಕೆ ಬರಲು ಶುರು ಮಾಡಿದರು. ಬಂದರೂ ಶಟರ್ ಅರ್ಧಕ್ಕೇ ನಿಲ್ಲುತ್ತಿತ್ತು. ಗಿರಾಕಿ "ಕಾಲು ಕೆ.ಜಿ. ತೊಗರಿಬೇಳೆ" ಅಂದರೆ, ಏನು ಕೇಳಿದರೆಂದೇ ತಿಳಿಯದವರ ಹಾಗೆ ಮುಖ ನೋಡುತ್ತಿದ್ದರು. ಉದ್ರಿ ಪುಸ್ತಕ ಹದಿನೈದು ದಿನದಿಂದ ತೆರೆದಿರಲಿಲ್ಲ.

ಪೇಟೆ ಅಂದಮೇಲೆ ಕೇಳಬೇಕೆ? ಒಂದು ಪ್ಲೇಟು ಮಂಡಕ್ಕಿ ಮುಗಿಯುವುದರೊಳಗೆ ತೀರ್ಪು ಸಿದ್ಧ. "ಚೀಟಿ ವ್ಯವಹಾರದಲ್ಲಿ ಮುಳುಗಿದಾನೆ" ಅಂದರು ಒಬ್ಬರು. "ಮನೇಲಿ ಸರಿಯಿಲ್ಲ" ಅಂದರು ಇನ್ನೊಬ್ಬರು. "ಯಾರೋ ಮಾಟ ಮಾಡ್ಸಿದಾರೆ" ಅಂದರು ಮೂರನೆಯವರು. ಈ ಅಂಕಣಕಾರ ಮಾತ್ರ ಏನು ಕಡಿಮೆ? "ಏನ್ರೀ ಸಾವ್ಕಾರ್ರೇ, ಗಂಡಸಾಗಿ ಹಿಂಗ್ ಕೂತ್ರೆ ಹೆಂಗೆ? ಧೈರ್ಯ ತಗೊಳ್ರಿ" ಅಂತ ಬೆನ್ನು ತಟ್ಟಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಹರಿಹರದ ಬಸ್ಸು ಹತ್ತಿದ. ಅವರು ಏನೂ ಅನ್ನಲಿಲ್ಲ. ಸುಮ್ಮನೆ ತಲೆಯಾಡಿಸಿದರು.

ಅವರಿಗೆ ಊಟ ಸೇರುತ್ತಿರಲಿಲ್ಲ. ಎದೆ ಭಾರ, ಮೈಕೈ ನೋವು, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಹೊಟ್ಟೆ ಡಾಕ್ಟರ ಹತ್ತಿರ ಹೋದರು. ರಕ್ತ ಪರೀಕ್ಷೆ, ಇ.ಸಿ.ಜಿ., ಸ್ಕ್ಯಾನಿಂಗ್ ಎಲ್ಲಾ ಆಯಿತು. "ಎಲ್ಲಾ ನಾರ್ಮಲ್" ಅಂತ ಚೀಟಿ ಬಂತು. ನಾರ್ಮಲ್ ಅಂದ ಮೇಲೆ ಮನೆಯವರಿಗೂ ಅನುಮಾನ: ಇದೇನು ನಾಟಕವೇ ಅಂತ. ಕೊನೆಗೆ ಊರಿಂದ ಬಂದ ಅಕ್ಕ ಪಕ್ಕದಲ್ಲಿ ಕೂತು ನೇರ ಕೇಳಿದರಂತೆ: "ತಮ್ಮಾ, ಬದುಕೋದೇ ಬ್ಯಾಡ ಅನ್ಸ್ತದೇನೋ?" ನಲವತ್ತೆಂಟು ವರ್ಷದ ಗಂಡಸು ಗಳಗಳನೆ ಅತ್ತುಬಿಟ್ಟರು. ಮಾರನೇ ದಿನವೇ ಅಕ್ಕ ಕೈಹಿಡಿದು ಮನೋರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದರು.

ಈಗ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ. ಮೊನ್ನೆ ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಅವರು ಹೇಳಿದರು: "ಧೈರ್ಯ ತಗೊಳ್ರಿ ಅಂದ್ರಲ್ಲ, ಅವತ್ತು ರಾತ್ರಿಯೆಲ್ಲಾ ನಿದ್ದಿ ಇಲ್ಲ. ಧೈರ್ಯ ತೂಕಕ್ಕೆ ಸಿಗೋದಾಗಿದ್ರೆ ನನ್ನ ಅಂಗಡೀಲೇ ಒಂದು ಸೇರು ಕಟ್ಕೊಂಡು ಹೋಗ್ತಿದ್ದೆ. ಹೆಸರು ಹಾಕ್ಬ್ಯಾಡ್ರಿ, ವಿಷಯ ಬರೀರಿ."

ಅದಕ್ಕೇ ಈ ಬರಹ. ತಪ್ಪುಕಾಣಿಕೆ ಅಂದರೂ ಸರಿಯೇ.

ನಮ್ಮ ಕಷ್ಟ ಏನೆಂದರೆ, ಎಲ್ಲದಕ್ಕೂ ನಮ್ಮ ಹತ್ತಿರ ಒಂದೇ ಮಾತು: ಬೇಜಾರು. ಕರೆಂಟು ಹೋದರೂ ಬೇಜಾರು, ವ್ಯಾಪಾರ ಇಲ್ಲದಿದ್ದರೂ ಬೇಜಾರು, ಮನೆಯಲ್ಲಿ ಸಾವಾದರೂ ಬೇಜಾರು. ಈ ಬೇಜಾರುಗಳಿಗೆ ಕಾರಣ ಇರುತ್ತದೆ. ದಿನ ಕಳೆದಂತೆ ತಗ್ಗುತ್ತವೆ. ಮೊಮ್ಮಗು ನಕ್ಕರೆ ನಮಗೂ ನಗು ಬರುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದರ ಮುಖ್ಯ ಗುರುತು. ಅದರ ಜೊತೆಗೆ ನಿದ್ದೆ, ಹಸಿವು ಏರುಪೇರು, ಏನೂ ಮಾಡದೆಯೂ ಸುಸ್ತು, ಸಣ್ಣ ಲೆಕ್ಕವೂ ತಲೆಗೆ ಹತ್ತದಿರುವುದು, "ನಾನು ದಂಡ, ಎಲ್ಲರಿಗೂ ಹೊರೆ" ಅನ್ನುವ ಯೋಚನೆ, ಸಾಯುವ ಯೋಚನೆ. ಸಾಲ ಇದ್ದವರಿಗೂ ಬರುತ್ತದೆ, ಸಾಲ ಕೊಟ್ಟವರಿಗೂ ಬರುತ್ತದೆ. ಹೆಂಗಸರಲ್ಲಿ ಇನ್ನೂ ಹೆಚ್ಚು. ಬಾಣಂತಿ ಮಂಕಾಗಿ ಕೂತರೆ ದೃಷ್ಟಿ ತೆಗೆದು ಸುಮ್ಮನಾಗುವವರು ಇದನ್ನು ಗಮನಿಸಬೇಕು. ಥೈರಾಯ್ಡ್ ಕಡಿಮೆಯಾದರೂ ಹೀಗೇ ಆಗಬಹುದು, ಆದ್ದರಿಂದ ರಕ್ತ ಪರೀಕ್ಷೆ ದಂಡವಲ್ಲ.

ಇದೆಲ್ಲಾ ದೊಡ್ಡ ಪಟ್ಟಣದ ಶ್ರೀಮಂತರ ಕಾಯಿಲೆ ಅನ್ನುವವರಿದ್ದಾರೆ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅಂದರೆ, ನೀವು ಈಗ ಕೂತು ಈ ಪತ್ರಿಕೆ ಓದುತ್ತಿರುವ ಬಸ್ಸಿನಲ್ಲಿ ಐವತ್ತು ಜನರಿದ್ದರೆ ಎರಡು ಮೂರು ಜನ ಈ ಭಾರವನ್ನು ಒಮ್ಮೆಯಾದರೂ ಹೊತ್ತವರಿರಬಹುದು. ಅವರ ಮುಖ ನೋಡಿ ಗೊತ್ತಾಗುವುದಿಲ್ಲ. ಟಿಕೆಟ್ ತಗೊಳ್ಳುತ್ತಾರೆ, ಚಿಲ್ಲರೆ ಎಣಿಸಿಕೊಳ್ಳುತ್ತಾರೆ.

ಮಾತ್ರೆ ಅಂದರೆ ಇನ್ನೊಂದು ಹೆದರಿಕೆ. "ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ", "ಬರೀ ನಿದ್ದೆ ಮಾತ್ರೆ ಕೊಡ್ತಾರೆ." ಎರಡೂ ತಪ್ಪು. ಸಣ್ಣ ಪ್ರಮಾಣದ ಖಿನ್ನತೆಗೆ ಮಾತ್ರೆ ಇಲ್ಲದೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಮಾತ್ರೆ ಬೇಕಾದವರಿಗೆ ಅದು ಕುಡಿತದಂತೆ ಚಟ ಹಿಡಿಸುವುದಿಲ್ಲ. ಆದರೆ ತಲೆನೋವಿನ ಗುಳಿಗೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದೂ ಇಲ್ಲ. ಎರಡರಿಂದ ನಾಲ್ಕು ವಾರ ಕಾಯಬೇಕು. ನಮ್ಮವರು ನಾಲ್ಕು ದಿನ ನುಂಗಿ "ಗುಣ ಇಲ್ಲ" ಅಂತ ಬಿಡುತ್ತಾರೆ. ಇಲ್ಲವೇ ಗುಣ ಕಂಡ ತಿಂಗಳಿಗೇ ನಿಲ್ಲಿಸುತ್ತಾರೆ. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಬಿಡುವುದಾದರೆ ಡಾಕ್ಟರನ್ನು ಕೇಳಿ ನಿಧಾನಕ್ಕೆ ಬಿಡಬೇಕು. ಇನ್ನು ಸಂಜೆಯ "ಕ್ವಾರ್ಟರ್" ಚಿಕಿತ್ಸೆ! ಒಂದು ಗಳಿಗೆ ಮರೆಸುತ್ತದೆ, ಮಾರನೇ ಬೆಳಿಗ್ಗೆ ಭಾರ ಹೆಚ್ಚಿಸುತ್ತದೆ.

ಮನೆಯವರು, ಅಕ್ಕಪಕ್ಕದ ಅಂಗಡಿಯವರು ಮಾಡಬಹುದಾದದ್ದು ಬಹಳ ಸರಳ. ಉಪದೇಶ ಬೇಡ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. "ಬಾರಪ್ಪಾ, ಟೀ ಕುಡಿದು ಬರಾಣ" ಅಂತ ನಾಲ್ಕು ಹೆಜ್ಜೆ ನಡೆಸಿ. ದಿನಕ್ಕೊಂದು ಸಣ್ಣ ಕೆಲಸ, ಹೊತ್ತಿಗೆ ಸರಿಯಾಗಿ ಏಳುವುದು, ಸ್ನಾನ, ಎರಡು ತುತ್ತು. ಮನಸ್ಸು ಬರಲಿ ಅಂತ ಕಾಯದೆ ಮಾಡಿಸಿದರೆ ಮನಸ್ಸು ಹಿಂದಿನಿಂದ ಬರುತ್ತದೆ. ಅನುಮಾನ ಬಂದರೆ ಆ ಅಕ್ಕ ಕೇಳಿದ ಹಾಗೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ. "ಹೌದು" ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೋರ್ಟು, ಪೊಲೀಸು ಅಂತ ಹೆದರಿ ಮುಚ್ಚಿಡುವ ಕಾಲವೂ ಹೋಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಕಾಣಬೇಕು, ಅವರಿಗೆ ಆರೈಕೆ ಕೊಡಬೇಕು ಅನ್ನುತ್ತದೆ.

ಎಲ್ಲಿಗೆ ಹೋಗೋದು, ದುಡ್ಡೆಲ್ಲಿ ಅನ್ನುತ್ತೀರಾ? ಬಳ್ಳಾರಿ ಜಿಲ್ಲೆಯನ್ನೇ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಔಷಧ ಕೊಡಿಸಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ಅಲ್ಲೇ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆಯೂ ಇದೆ: 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಈ ನಂಬರು ಎಷ್ಟು ಜನಕ್ಕೆ ಗೊತ್ತು? ಮೂಲವ್ಯಾಧಿ ಡಾಕ್ಟರ ಬೋರ್ಡು ಕಂಬ ಕಂಬಕ್ಕೂ ಇದೆ, ವಶೀಕರಣ ಮಾಡುವವರ ಚೀಟಿ ಬಸ್ಸಿನ ಸೀಟಿನ ಹಿಂದೆಯೇ ಇದೆ. ಇದೊಂದು ನಂಬರಿಗೆ ಜಾಗ ಇಲ್ಲವೇ? ಬಸ್ ಸ್ಟ್ಯಾಂಡಿನಲ್ಲಿ, ಪ್ರತಿ ಬಸ್ಸಿನಲ್ಲಿ, ಔಷಧ ಅಂಗಡಿಯ ಗಾಜಿನ ಮೇಲೆ ದೊಡ್ಡಕ್ಷರದಲ್ಲಿ ಬರೆಸಲು ಲಕ್ಷಗಟ್ಟಲೆ ಟೆಂಡರು ಬೇಕಿಲ್ಲ. ಒಂದು ಡಬ್ಬಿ ಬಣ್ಣ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಯಾವ ಕೊಠಡಿ, ಯಾವ ದಿನ ಅಂತ ಹೆಬ್ಬಾಗಿಲಲ್ಲೇ ಹಾಕಲಿ. ನಾಚಿಕೊಂಡು ಬಂದವರು ಹತ್ತು ಜನರನ್ನು ಕೇಳುವಂತಾಗಬಾರದು. ವರ್ತಕರ ಸಂಘದವರು ತಮ್ಮ ಸಭೆಯಲ್ಲಿ ಜಿ.ಎಸ್.ಟಿ. ಜೊತೆಗೆ ಅರ್ಧ ಗಂಟೆ ಇದಕ್ಕೂ ಇಡಲಿ.

ಅಷ್ಟಾಗುವವರೆಗೆ ನಾವು ಮಾಡುವುದು ಇಷ್ಟು. ನಾಳೆ ಬೆಳಿಗ್ಗೆ ನಿಮ್ಮ ಸಾಲಿನಲ್ಲಿ ಯಾವುದಾದರೂ ಅಂಗಡಿಯ ಶಟರ್ ಅರ್ಧಕ್ಕೇ ನಿಂತಿದ್ದರೆ, ದೂರ ನಿಂತು ಮಾತಾಡಬೇಡಿ. ಬಗ್ಗಿ ಒಳಗೆ ಹೋಗಿ. "ಹೆಂಗಿದೀರಣ್ಣ?" ಅಂತ ಕೇಳಿ, ಉತ್ತರ ಬರುವವರೆಗೂ ಕೂತಿರಿ.