ಎಂಜಿನ್ನಿನೊಳಗಿನ ನೀರು

2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರುಗಳನ್ನು ಇನ್ನೂ ಸಾಕಿಕೊಂಡಿರುವವರು ಮಲೆನಾಡಿನಲ್ಲುಂಟು. ಮಳೆಗಾಲದಲ್ಲಿ ಆಯಿಲ್ ಮುಚ್ಚಳದಡಿ ಬಿಳಿಯ ಲೋಳೆ ಕಂಡೊಡನೆ, ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎಂಜಿನ್ನನ್ನೇ ಬಿಚ್ಚಿಸಿ ಹಣ ತೆರುವುದು ಸಲ್ಲದೆಂಬುದು ನಮ್ಮ ಮತ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಬಹುಭಾಗ ಆವಿಯಾಗಿ ಸೈಲೆನ್ಸರಿನಿಂದ ಹೊರಬೀಳುವುದಾದರೂ, ಸವೆದ ಪಿಸ್ಟನ್ ರಿಂಗುಗಳ ಸಂದಿನಿಂದ ತುಸು ಕೆಳಗಿಳಿದು, ತಣ್ಣನೆಯ ಲೋಹಕ್ಕೆ ತಾಗಿ ನೀರಾಗಿ ಆಯಿಲಿನೊಡನೆ ಬೆರೆಯುತ್ತದೆ. ಪೇಟೆಗಷ್ಟೇ ಹೋಗಿಬರುವ ಗಾಡಿಯ ಎಂಜಿನ್ ಅದನ್ನು ಒಣಗಿಸುವಷ್ಟು ಕಾಯುವುದೇ ಇಲ್ಲ. ಮೊದಲು ಅಳತೆಕಡ್ಡಿಯನ್ನೆಳೆದು ನೋಡಬೇಕು. ಅದರ ಆಯಿಲೂ ಮಜ್ಜಿಗೆಯಂತಾಗಿ, ರೇಡಿಯೇಟರಿನ ನೀರು ದಿನೇದಿನೇ ತಗ್ಗುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ಟನ್ನು ಶಂಕಿಸತಕ್ಕದ್ದು. ಆಗ ಗಾಡಿಯನ್ನು ಓಡಿಸಲೇಕೂಡದು. ಇಲ್ಲವಾದರೆ ಮುಚ್ಚಳವನ್ನೊರೆಸಿ, ವಾರಕ್ಕೊಮ್ಮೆ ಅರ್ಧ ಗಂಟೆಗೂ ಮಿಕ್ಕಿ ಓಡಿಸಿದರೆ ಸಾಕು.