ದಂಡದ ರಸೀದಿ ಸುಲಭ, ಆದೇಶದ ಪ್ರತಿ ದುರ್ಲಭ

2023ರ ಫೆಬ್ರುವರಿ 3ರಿಂದ 11ರವರೆಗೆ ಬಾಕಿ ಸಂಚಾರ ದಂಡಕ್ಕೆ ರಾಜ್ಯ ಸರ್ಕಾರ ಶೇ 50ರ ರಿಯಾಯಿತಿ ಕೊಟ್ಟಾಗ ಬೆಂಗಳೂರಿನ ಸಂಚಾರ ಠಾಣೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಆ ಒಂಬತ್ತು ದಿನಗಳಲ್ಲಿ ನಗರವೊಂದರಿಂದಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇದೇ ರಿಯಾಯಿತಿ ಮತ್ತೆ ಸಿಕ್ಕಿತು. ಎರಡೂ ಸಲ ಸುದ್ದಿಯಾದದ್ದು ಮೊತ್ತ. ದಂಡ ಕಟ್ಟಿದವರ ಹೆಸರಿನಲ್ಲಿ ಯಾವ ದಾಖಲೆ ಉಳಿಯಿತು, ಅದು ಪೊಲೀಸರ ಬಳಿ ಇದೆಯೋ ನ್ಯಾಯಾಲಯದಲ್ಲಿದೆಯೋ, ಬೇಕೆಂದಾಗ ಅದರ ಪ್ರತಿ ಪಡೆಯುವುದು ಹೇಗೆ ಎಂಬ ಚರ್ಚೆ ಅಷ್ಟಾಗಿ ನಡೆಯಲಿಲ್ಲ. ಸಂಚಾರ ನ್ಯಾಯಾಲಯದ ದಾಖಲೆ ಕಾನೂನಿನ ಕಣ್ಣಿನಲ್ಲಿ ಸಾರ್ವಜನಿಕ ದಾಖಲೆ. ನಡೆಯುತ್ತಿರುವ ರೀತಿಯಲ್ಲಿ ಮಾತ್ರ ಅದು ಬೀಗ ಹಾಕಿದ ಕಪಾಟು. ದಂಡ ವಸೂಲಿ ವ್ಯವಸ್ಥೆ ವಾಹನದ ನೋಂದಣಿ ಸಂಖ್ಯೆಯೊಂದರಿಂದಲೇ ನಾಗರಿಕನನ್ನು ಹುಡುಕಿ ಹಿಡಿಯುತ್ತದೆ. ಅದೇ ನಾಗರಿಕ ತನ್ನ ಪ್ರಕರಣದ ಆದೇಶ ಕೇಳಲು ಹೋದರೆ, ಪ್ರಕರಣದ ಸಂಖ್ಯೆಯನ್ನು ಅವನೇ ತರಬೇಕು. ಈ ಭಾರ ಇರಬೇಕಾದದ್ದು ನಾಗರಿಕನ ಮೇಲಲ್ಲ, ವ್ಯವಸ್ಥೆಯ ಮೇಲೆ.

ಮೊದಲ ತೊಡಕು ದಾಖಲೆ ಎಲ್ಲಿದೆ ಎಂಬುದು. ನಿಯಮ ಉಲ್ಲಂಘನೆಯ ಪ್ರಕರಣ ಮೂರು ಕಡೆಗಳಲ್ಲಿ ಎಲ್ಲಾದರೂ ಮುಗಿಯಬಹುದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 200ರ ಅಡಿ ಪೊಲೀಸರ ಬಳಿಯೇ ದಂಡ ಕಟ್ಟಿ ಇತ್ಯರ್ಥ ಮಾಡಿಕೊಂಡರೆ ಪ್ರಕರಣ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ. ಚಲನ್ ಆನ್‌ಲೈನ್‌ನಲ್ಲೇ ನಡೆಯುವ ವರ್ಚುವಲ್ ಕೋರ್ಟಿಗೆ ಹೋಗಿದ್ದರೆ ದಾಖಲೆ ಅದರ ಪೋರ್ಟಲ್‌ನಲ್ಲಿರುತ್ತದೆ. ಮದ್ಯ ಸೇವಿಸಿ ವಾಹನ ಚಲಾಯಿಸಿದ ‘ಡಿಡಿ ಕೇಸ್’ನಂಥವು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತವೆ, ಬೆಂಗಳೂರಿನಲ್ಲಿ ಇಂಥವಕ್ಕಾಗಿ ಮೇಯೊ ಹಾಲ್ ಕೋರ್ಟ್ ಸಂಕೀರ್ಣಕ್ಕೆ ಅಲೆಯುವವರು ಬಹಳ. ಠಾಣೆಯಲ್ಲಿ ಹಣ ಕಟ್ಟಿದವರು ‘ಕೋರ್ಟ್ ಆದೇಶ ಕೊಡಿ’ ಎಂದು ಅಲೆದರೆ ಫಲವಿಲ್ಲ, ಅಂಥ ಆದೇಶವೇ ಹುಟ್ಟಿರುವುದಿಲ್ಲ. ಹಾಗೆಂದು ಠಾಣೆಯಲ್ಲಿ ಮುಗಿದ ಪ್ರಕರಣ ಅಲ್ಲಿಗೇ ಅಳಿಸಿಹೋಯಿತು ಎಂದುಕೊಳ್ಳುವಂತೆಯೂ ಇಲ್ಲ. 2019ರ ತಿದ್ದುಪಡಿ ಸೆಕ್ಷನ್ 200ಕ್ಕೆ ಒಂದು ಷರತ್ತು ಸೇರಿಸಿದೆ: ರಾಜಿಯಾದ ಅಪರಾಧವನ್ನೂ, ಮುಂದೆ ಅದೇ ತಪ್ಪು ಮರುಕಳಿಸಿತೇ ಎಂದು ನಿರ್ಧರಿಸುವಾಗ ಹಿಂದಿನ ಅಪರಾಧವೆಂದೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ‘ಐನೂರು ಕಟ್ಟಿ ಕೈತೊಳೆದುಕೊಂಡೆ’ ಎನ್ನುವವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತು?

ಪ್ರಕರಣ ನ್ಯಾಯಾಲಯದಲ್ಲಿದೆ ಎಂದು ಖಚಿತವಾದರೂ ಅದನ್ನು ಹುಡುಕುವುದೇ ಒಂದು ಸಾಹಸ. ಇ–ಕೋರ್ಟ್ಸ್ ಜಾಲತಾಣದಲ್ಲಿ ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಕೈಯಲ್ಲಿದ್ದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ದಾರಿಬದಿಯಲ್ಲಿ ಯಂತ್ರದಿಂದ ಹರಿದುಕೊಡುವ ಚಲನ್ ಚೀಟಿಯಲ್ಲಿ ಸಿಎನ್‌ಆರ್ ಇರುವುದು ಸಾಧ್ಯವೇ ಇಲ್ಲ, ಪ್ರಕರಣ ಇನ್ನೂ ನ್ಯಾಯಾಲಯಕ್ಕೆ ಹೋಗಿರುವುದೇ ಇಲ್ಲವಲ್ಲ. ಎಫ್‌ಐಆರ್ ಸಂಖ್ಯೆಯಿಂದ ಹುಡುಕೋಣವೆಂದರೆ, ಬಹುತೇಕ ಸಂಚಾರ ಉಲ್ಲಂಘನೆಗಳಲ್ಲಿ ಎಫ್‌ಐಆರ್ ಇರುವುದಿಲ್ಲ. ಉಳಿಯುವುದು ಹೆಸರಿನ ಹುಡುಕಾಟ. ಜಿಲ್ಲೆ, ಕೋರ್ಟ್ ಸಂಕೀರ್ಣ, ವರ್ಷ ಆರಿಸಿ ಇಂಗ್ಲಿಷ್‌ನಲ್ಲಿ ಮಂಜುನಾಥ ಎಂದು ಟೈಪಿಸಿದರೆ ಪುಟಗಟ್ಟಲೆ ಮಂಜುನಾಥರು ಎದುರಾಗುತ್ತಾರೆ. ಕೊನೆಗೊಂದು ‘ಎ’ ಸೇರಿಸಿದರೆ ಅಥವಾ ತೆಗೆದರೆ ಪಟ್ಟಿಯೇ ಬದಲು. ಇನಿಷಿಯಲ್ ಹೆಸರಿನ ಹಿಂದಿದೆಯೋ ಮುಂದಿದೆಯೋ ಎಂಬುದು ದಾಖಲಿಸಿದವರ ಅಭ್ಯಾಸಕ್ಕೆ ಬಿಟ್ಟ ವಿಷಯ. ಕ್ಯಾಮೆರಾ ಹಿಡಿದ ಪ್ರಕರಣವಾದರೆ ನೋಟಿಸ್ ಹೋಗುವುದು ಆರ್‌ಸಿಯಲ್ಲಿರುವ ಹೆಸರಿಗೆ; ಗಾಡಿ ಓಡಿಸಿದ ಮಗನ ಹೆಸರಿನಲ್ಲಿ ಹುಡುಕಿದರೆ ಅಪ್ಪನ ಹೆಸರಿನಲ್ಲಿರುವ ಪ್ರಕರಣ ಸಿಗುವುದಿಲ್ಲ. ವರ್ಚುವಲ್ ಕೋರ್ಟ್ ಪೋರ್ಟಲ್ ಈ ವಿಷಯದಲ್ಲಿ ವಾಸಿ. ಅಲ್ಲಿ ಚಲನ್ ಅಥವಾ ವಾಹನ ಸಂಖ್ಯೆಯಿಂದ, ಮೊಬೈಲ್ ಸಂಖ್ಯೆಯಿಂದ ಹುಡುಕಬಹುದು. ಒಂದು ಪೋರ್ಟಲ್‌ನಲ್ಲಿ ಸಾಧ್ಯವಿರುವುದು ಇನ್ನೊಂದರಲ್ಲಿ ಏಕೆ ಅಸಾಧ್ಯ ಎಂಬುದಕ್ಕೆ ತಾಂತ್ರಿಕ ಕಾರಣ ಕಾಣುವುದಿಲ್ಲ.

ಪ್ರಕರಣ ಸಿಕ್ಕ ಮೇಲೆ ನಕಲಿನ ಸರದಿ. ಆರೋಪಿ ಅಥವಾ ಆದೇಶದಿಂದ ಬಾಧಿತನಾದ ವ್ಯಕ್ತಿ ನಕಲು ಅರ್ಜಿ ಹಾಕಿ, ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯಬಹುದು. ಸಂಬಂಧವಿಲ್ಲದ ಮೂರನೆಯವರಿಗೆ ಕೊಡುವ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಕಾನೂನು ಹೈಕೋರ್ಟಿಗೆ ಬಿಟ್ಟಿದೆ. ಮಾಹಿತಿ ಹಕ್ಕಿನಡಿ ಕೇಳಬಹುದಲ್ಲ ಎಂದು ಹಲವರು ಭಾವಿಸುತ್ತಾರೆ. ಆ ಬಾಗಿಲು ಮುಚ್ಚಿದೆ. ಕರ್ನಾಟಕ ಹೈಕೋರ್ಟಿನ ದಾಖಲೆಗಳ ನಕಲು ಕೋರಿದ ಪ್ರಕರಣವೊಂದು 2013ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೋರ್ಟಿನ ನಿಯಮಗಳ ಪ್ರಕಾರವೇ ನಕಲು ಪಡೆಯಬೇಕೆಂಬ ನಿಲುವು ಉಳಿಯಿತು. 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟ್ ಸಂಬಂಧದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ನ್ಯಾಯಾಲಯದ ನಿಯಮಗಳಲ್ಲೇ ನಕಲು ಪಡೆಯುವ ದಾರಿ ಇರುವಾಗ ಮಾಹಿತಿ ಹಕ್ಕು ಕಾಯ್ದೆಯ ದಾರಿ ಹಿಡಿಯುವಂತಿಲ್ಲ. ಆ ತೀರ್ಪಿನ ತರ್ಕವನ್ನು ಒಪ್ಪಬಹುದು. ಆದರೆ ‘ಬೇರೆ ದಾರಿ ಇದೆ’ ಎಂಬ ಕಾರಣಕ್ಕೆ ಒಂದು ದಾರಿ ಮುಚ್ಚಿದವರ ಮೇಲೆ, ಆ ಬೇರೆ ದಾರಿ ನಡೆಯುವಂತಿರಬೇಕು ಎಂಬ ಹೊಣೆಯೂ ಬೀಳುತ್ತದೆ. ಐನೂರು ರೂಪಾಯಿ ದಂಡದ ಆದೇಶಕ್ಕಾಗಿ ದಿನಗೂಲಿ ಬಿಟ್ಟು ನಕಲು ವಿಭಾಗದ ಕಿಟಕಿ ಮುಂದೆ ನಿಲ್ಲಬೇಕೆಂದರೆ ಯಾರೂ ನಿಲ್ಲುವುದಿಲ್ಲ. ಪೊಲೀಸರ ಬಳಿಯಿರುವ ಕಡತದ ಮಾತು ಬೇರೆ, ಅದನ್ನು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಈಗಲೂ ಕೇಳಬಹುದು. ಈ ವ್ಯತ್ಯಾಸ ತಿಳಿಯದೆ ಅರ್ಜಿ ತಿರಸ್ಕೃತವಾಗಿ ಸುಮ್ಮನಾಗುವವರೇ ಹೆಚ್ಚು.

ಇಷ್ಟು ಸಣ್ಣ ಪ್ರಕರಣದ ಕಾಗದ ಯಾರಿಗೆ ಬೇಕು ಎಂಬುದು ಸಹಜ ಆಕ್ಷೇಪ. ಉತ್ತರ ಕಾನೂನಿನಲ್ಲೇ ಇದೆ. ಅಪಾಯಕಾರಿ ಚಾಲನೆಗೆ ಸಂಬಂಧಿಸಿದ ಸೆಕ್ಷನ್ 184ರಲ್ಲಿ, ಮೂರು ವರ್ಷದೊಳಗೆ ಅದೇ ತಪ್ಪು ಮಾಡಿದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಕುಡಿದು ಓಡಿಸಿದ ಮೊದಲ ತಪ್ಪಿಗೆ ದಂಡ ಹತ್ತು ಸಾವಿರ, ಎರಡನೆಯದಕ್ಕೆ ಹದಿನೈದು ಸಾವಿರ; ಜೈಲಿನ ಅವಧಿಯೂ ಆರು ತಿಂಗಳಿಂದ ಎರಡು ವರ್ಷಕ್ಕೆ ಏರುತ್ತದೆ. ಹಿಂದಿನ ದಾಖಲೆ ಸರಿಯಾಗಿ ಸಿಗದಿದ್ದರೆ ಎರಡನೇ ಸಲ ತಪ್ಪು ಮಾಡಿದವನು ಮೊದಲಿಗನೆಂದು ಪಾರಾಗುತ್ತಾನೆ, ಇಲ್ಲವೇ ಮೊದಲ ಸಲ ಸಿಕ್ಕಿಬಿದ್ದವನು ಹೆಸರಿನ ಗೊಂದಲದಿಂದ ಎರಡನೆಯವನಾಗುತ್ತಾನೆ. 1997ರಲ್ಲಿ ದೆಹಲಿಯ ಸಂಚಾರ ಕುರಿತು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಲ್ಲಿ, ಅತಿವೇಗಕ್ಕಾಗಲಿ ಕುಡಿದು ಓಡಿಸಿದ್ದಕ್ಕಾಗಲಿ ಒಮ್ಮೆ ಚಲನ್ ಆದವರನ್ನೂ ಶಾಲಾ ಬಸ್ಸಿಗೆ ಚಾಲಕರಾಗಿ ನೇಮಿಸಬಾರದು ಎಂದಿದೆ. ಇಂಥ ಎಚ್ಚರ ಕರ್ನಾಟಕದ ಶಾಲೆಗಳಿಗೂ ಬೇಕಾದದ್ದೇ. ಆದರೆ ಶಾಲೆಯೊಂದು ಚಾಲಕನ ಹಿನ್ನೆಲೆಯನ್ನು ಖಚಿತಪಡಿಸಿಕೊಳ್ಳುವುದು ಹೇಗೆ? ಈಗಿನ ಸ್ಥಿತಿಯಲ್ಲಿ ಅವನ ಬಾಯಿಮಾತೇ ಆಧಾರ.

ಆರೋಪಿಯ ಹಿತದೃಷ್ಟಿಯಿಂದ ನೋಡಿದರೆ ವಿಷಯ ಇನ್ನೂ ಗಂಭೀರ. ದಂಡ ಮಾತ್ರ ಶಿಕ್ಷೆಯಾಗಿರುವ ಅಪರಾಧವನ್ನು ಆರು ತಿಂಗಳೊಳಗೆ ನ್ಯಾಯಾಲಯ ವಿಚಾರಣೆಗೆ ಪರಿಗಣಿಸಬೇಕು ಎಂಬ ಕಾಲಮಿತಿ ಹಳೆಯ ಸಿಆರ್‌ಪಿಸಿಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಸಕಾರಣವಿದ್ದರೆ ನ್ಯಾಯಾಲಯ ವಿಳಂಬವನ್ನು ಮನ್ನಿಸಬಹುದು, ಅದು ಬೇರೆ ಮಾತು. ವಾಹನ ಸಂಖ್ಯೆ ಹಾಕಿದರೆ ನಾಲ್ಕೈದು ವರ್ಷ ಹಳೆಯ ಚಲನ್‌ಗಳೂ ‘ಬಾಕಿ’ ಎಂದು ತೋರಿಸುತ್ತವೆ. ಅವುಗಳಲ್ಲಿ ಯಾವುದು ಸಕಾಲಕ್ಕೆ ನ್ಯಾಯಾಲಯ ತಲುಪಿತು, ಯಾವುದು ತಲುಪಲೇ ಇಲ್ಲ ಎಂಬುದು ಕೋರ್ಟ್ ದಾಖಲೆಯಿಂದ ಮಾತ್ರ ಗೊತ್ತಾಗಬೇಕು. ಕ್ಯಾಮೆರಾ ಪ್ರಕರಣಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮ ಹದಿನೈದು ದಿನದೊಳಗೆ ನೋಟಿಸ್ ಕಳಿಸಬೇಕೆನ್ನುತ್ತದೆ. ಸ್ಪಷ್ಟ ಚಿತ್ರ, ಉಪಕರಣದ ಅಳತೆ, ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಜೊತೆಗಿರಬೇಕು, ಚಲನ್ ವಿಲೇವಾರಿಯಾಗುವವರೆಗೆ ದಾಖಲೆ ಉಳಿಸಬೇಕು ಎಂದೂ ಹೇಳುತ್ತದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳು ಬಂದವು. ಅವು ದಾಖಲಿಸಿದ ಪ್ರಕರಣಗಳಲ್ಲಿ ಈ ನಿಯಮ ಪಾಲನೆಯಾಗಿದೆಯೇ ಎಂದು ನೋಡಲು ಕಡತವೇ ಬೇಕು. ಅರ್ಧ ಬೆಲೆಗೆ ದಂಡ ಮುಗಿಸುವ ರಿಯಾಯಿತಿ ಈ ಪ್ರಶ್ನೆಗಳನ್ನೆಲ್ಲ ಒಂದೇ ಏಟಿಗೆ ಗುಡಿಸಿಹಾಕುತ್ತದೆ. ತಪ್ಪು ಚಲನ್ ಪಡೆದವನೂ ಅರ್ಧ ಕಟ್ಟಿ ಹೋಗುವುದೇ ಲಾಭವೆಂದು ಲೆಕ್ಕ ಹಾಕುತ್ತಾನೆ.

ಗಟ್ಟಿಯಾದ ಆಕ್ಷೇಪವೆಂದರೆ ಖಾಸಗಿತನದ್ದು. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ, ಯಾರದೋ ಐದು ವರ್ಷ ಹಿಂದಿನ ಹೆಲ್ಮೆಟ್ ಪ್ರಕರಣವನ್ನು ಮದುವೆ ದಲ್ಲಾಳಿಯೋ ಸಾಲ ಕೊಡುವವನೋ ಕೆದಕುವಂತಾಗಬಾರದು ಎಂಬ ಮಾತಿನಲ್ಲಿ ಹುರುಳಿದೆ. ಇದಕ್ಕೆ ಪರಿಹಾರವನ್ನು ಕರ್ನಾಟಕ ಹೈಕೋರ್ಟೇ ಅದೇ ವರ್ಷದ ಜನವರಿಯಲ್ಲಿ ಸೂಚಿಸಿತ್ತು. ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಬಾರದಂತೆ ಮಾಡಿ ಎಂದು ತಂದೆಯೊಬ್ಬರು ಕೋರಿದಾಗ ನ್ಯಾಯಾಲಯ ಅದಕ್ಕೆ ಒಪ್ಪಿತು. ದೃಢೀಕೃತ ನಕಲು ಕೇಳಿದರೆ ಮಾತ್ರ ಹೆಸರು ಅದರಲ್ಲಿ ಇದ್ದೇ ಇರುತ್ತದೆ ಎಂದೂ ಹೇಳಿತು. ಹುಡುಕಾಟಕ್ಕೆ ಒಂದು ಅಳತೆ, ನಕಲಿಗೆ ಇನ್ನೊಂದು. ಸಂಚಾರ ಪ್ರಕರಣಗಳಿಗೆ ಇದನ್ನೇ ಅನ್ವಯಿಸಬಹುದು. ತನ್ನ ದಾಖಲೆ ನೋಡಲು ಬರುವವನಿಗೆ ಮೊಬೈಲ್ ಒಟಿಪಿ ಸಾಕು. ಹೊರಗಿನವರಿಗೆ ಹೆಸರಿಲ್ಲದೆ ಸೆಕ್ಷನ್, ಠಾಣೆ, ತೀರ್ಮಾನ ಮಾತ್ರ ಕಾಣಲಿ. ಶಾಲೆ, ವಿಮಾ ಕಂಪನಿಗಳಂಥವರು ಕಾರಣ ತಿಳಿಸಿ ಪ್ರಮಾಣಪತ್ರ ಸಲ್ಲಿಸಿದರೆ, ಅಥವಾ ಸ್ವತಃ ಚಾಲಕನ ಒಪ್ಪಿಗೆ ತಂದರೆ, ಹೆಸರಿರುವ ನಕಲು ಸಿಗಲಿ. ಹಾಗೆ ನೋಡಿದರೆ ಖಾಸಗಿತನಕ್ಕೆ ಹೆಚ್ಚಿನ ಧಕ್ಕೆ ಇರುವುದು ಈಗಿನ ವ್ಯವಸ್ಥೆಯಲ್ಲೇ. ಇನ್ನೂ ಸಾಬೀತಾಗದ ಚಲನ್‌ಗಳ ಮೊತ್ತವನ್ನು ನಂಬರ್ ಪ್ಲೇಟ್ ಮೂಲಕ ಪತ್ತೆ ಮಾಡಿ, ‘ಈ ಸ್ಕೂಟರಿನ ಮೇಲೆ ಇಷ್ಟು ಲಕ್ಷ’ ಎಂದು ಹಂಚುವವರಿದ್ದಾರೆ. ನ್ಯಾಯಾಲಯ ಖುಲಾಸೆ ಮಾಡಿದ ಆದೇಶ ಅಷ್ಟೇ ಸಲೀಸಾಗಿ ಎಲ್ಲೂ ಕಾಣಿಸುವುದಿಲ್ಲ.

ಕೋರ್ಟ್ ಸಿಬ್ಬಂದಿಗೆ ಹೊರೆಯಾಗುತ್ತದೆ ಎನ್ನುವ ವಾದ ಅಷ್ಟು ಗಟ್ಟಿಯಲ್ಲ. ಸಂಕ್ಷಿಪ್ತ ವಿಚಾರಣೆಯಲ್ಲಿ ದಾಖಲಿಸಬೇಕಾದದ್ದು ಕ್ರಮಸಂಖ್ಯೆ, ಅಪರಾಧದ ದಿನಾಂಕ, ಆರೋಪಿಯ ಹೆಸರು ವಿಳಾಸ, ಆರೋಪ, ಅವನ ಹೇಳಿಕೆ, ತೀರ್ಮಾನ, ಶಿಕ್ಷೆ, ಮುಕ್ತಾಯದ ದಿನಾಂಕದಂಥ ಕೆಲವೇ ಅಂಕಣಗಳು. ತಪ್ಪೊಪ್ಪಿಕೊಂಡ ಪ್ರಕರಣದ ಇಡೀ ಕಥೆ ಒಂದು ಪುಟದಲ್ಲಿ ಮುಗಿಯುತ್ತದೆ. ಆ ಪುಟವನ್ನು ಡಿಜಿಟಲ್ ಸಹಿಯೊಂದಿಗೆ, ದಂಡದ ರಸೀದಿ ಬರುವ ಅದೇ ಮೊಬೈಲಿಗೆ ಕಳಿಸಿದರೆ ನಕಲು ವಿಭಾಗದ ಸಾಲೇ ಕರಗುತ್ತದೆ, ಸಿಬ್ಬಂದಿಯ ಹೊರೆ ಇಳಿಯುತ್ತದೆ. ಚಲನ್ ನ್ಯಾಯಾಲಯಕ್ಕೆ ಹೋದ ದಿನ ಅದರ ಸಂಖ್ಯೆಯನ್ನು ಸಿಎನ್‌ಆರ್ ಜೊತೆ ಜೋಡಿಸಿ ಒಂದು ಎಸ್‌ಎಂಎಸ್ ಕಳಿಸಿದರೆ ಹುಡುಕಾಟದ ರಗಳೆಯೂ ಇರುವುದಿಲ್ಲ. ಹಣವಿಲ್ಲ ಎನ್ನುವಂತೆಯೂ ಇಲ್ಲ. ಇ–ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೊತ್ತ ₹7,210 ಕೋಟಿ. ವಿಧಾನಮಂಡಲವೋ ಸಂಸತ್ತೋ ಹೊಸ ಕಾಯ್ದೆ ಮಾಡಲಿ ಎಂದು ಕಾಯಬೇಕಾಗಿಯೂ ಇಲ್ಲ. ಮೂರನೆಯವರಿಗೆ ನಕಲು ಕೊಡುವ ನಿಯಮ ರೂಪಿಸುವ ಅಧಿಕಾರ ಹೈಕೋರ್ಟಿನ ಕೈಯಲ್ಲಿದೆ, ಸಂಚಾರ ನ್ಯಾಯಾಲಯಗಳು ಅದರ ಆಡಳಿತದಡಿಯೇ ಇವೆ. ಇನ್ನೊಂದು ರಿಯಾಯಿತಿ ಮೇಳಕ್ಕೆ ಮುನ್ನ ಹೈಕೋರ್ಟ್ ಈ ಒಂದು ತಿದ್ದುಪಡಿಯನ್ನು ಕೈಗೆತ್ತಿಕೊಳ್ಳಬೇಕು.